ಡಮ್ಮಿ ಲೋಡ್

ಡಿಪ್ಲೊಮಾದ ಕೊನೆಯ ಸೆಮಿಸ್ಟರು, ಹದಿನಾರು ವಾರದ ಇಂಟರ್ನ್‌ಶಿಪ್ಪು,
ಪ್ರಿನ್ಸಿಪಾಲರ ಸಹಿ, ಸೀಲು, ಎರಡು ಫೋಟೊ.
ಸುಂಟಿಕೊಪ್ಪದಿಂದ ಮೊದಲ ಬಸ್ಸು ಹಿಡಿದು
ಮಡಿಕೇರಿಯ ಮಂಜಿನಲ್ಲಿ ಆಕಾಶವಾಣಿಯ ಗೇಟು ಹುಡುಕಿದೆ.
ಟವರು ಸೊಂಟದವರೆಗೆ ಮಾತ್ರ ಕಾಣುತ್ತಿತ್ತು.
ಮೇಲಿನದ್ದು ಇದೆಯೆಂದು ನಂಬಿ ಒಳಗೆ ಹೋದೆ.

ಮನೆಯಲ್ಲಿ ಎಲ್ಲರದೂ ಒಂದೇ ಪ್ರಶ್ನೆ:
ನಿನ್ನ ದನಿ ಯಾವಾಗ ಬರ್ತದೆ?
ಉಮ್ಮಮ್ಮ ರೇಡಿಯೋಗೆ ಹೊಸ ಸೆಲ್ ಹಾಕಿಸಿದ್ದಾಳೆ.
ಉಪ್ಪ ಜೀಪಿನಲ್ಲಿ ಸ್ಟೇಷನ್ ಬದಲಿಸುವುದನ್ನೇ ಬಿಟ್ಟಿದ್ದಾರೆ.
ಹೇಗೆ ಹೇಳಲಿ,
ಮೊದಲ ವಾರ ನನ್ನ ಕೈಗೆ ಕೊಟ್ಟದ್ದು ಮೈಕಲ್ಲ,
ಕೊಡ.

"ಅರ್ತ್ ಗುಂಡಿಗೆ ನೀರು ಹಾಕು," ಅಂದರು ಚೀಯಣ್ಣ ಸರ್,
"ನೆಲ ಒಣಗಿದೆ. ಹೂಮಳೆಯ ಜೊತೆ ಸಿಡಿಲು ಬರ್ತದೆ.
ಬಂದದ್ದಕ್ಕೆ ಇಳಿದು ಹೋಗಲು ದಾರಿ ಬೇಕಲ್ಲ?"
ಆರು ಗುಂಡಿ, ಗುಂಡಿಗೆ ನಾಲ್ಕು ಕೊಡ,
ಮೇಲೊಂದು ಹಿಡಿ ಉಪ್ಪು.
ಕೆಳಗಿನ ತೋಟದಲ್ಲಿ ಸ್ಪ್ರಿಂಕ್ಲರು ತಿರುಗುತ್ತಿತ್ತು,
ಅವರು ಕಾಫಿಯ ಹೂವಿಗೆ ನೀರು ಬಿಡುತ್ತಿದ್ದರು,
ನಾನು ಇನ್ನೂ ಬಾರದ ಸಿಡಿಲಿಗೆ.

ಆಮೇಲೆ ಲಾಗ್ ಪುಸ್ತಕ.
ಗಂಟೆಗೊಮ್ಮೆ ಮೀಟರು ನೋಡಿ ಬರೆಯಬೇಕು,
ಹೋದ ಶಕ್ತಿ ಇಷ್ಟು, ಮರಳಿದ ಶಕ್ತಿ ಇಷ್ಟು,
ಕೊನೆಯ ಕಾಲಮ್ಮಿನಲ್ಲಿ ಸಣ್ಣದಾಗಿ 'ಜು'.
"ಮರಳಿದ್ದು ಅಂದರೆ, ಸರ್?"
"ಆಂಟೆನಾ ಒಲ್ಲೆ ಅಂದದ್ದು ಮಾರಾಯ್ತಿ.
ನೆಂಟರ ಮನೆಗೆ ಕಳಿಸಿದ ಪಾತ್ರೆ ತುಂಬಿಕೊಂಡೇ ವಾಪಸು ಬಂದ ಹಾಗೆ.
ಸ್ವಲ್ಪ ಬರ್ತದೆ, ಇರಲಿ.
ಹೆಚ್ಚು ಬಂದರೆ ಓಡಿ ಬಂದು ನನ್ನ ಕರೆ."

ಇಡೀ ಜಿಲ್ಲೆ ಹಾಡು ಕೇಳುವ ಹೊತ್ತು
ನಾವು ಕೇಳುವುದು ಬ್ಲೋವರಿನ ಭರ್ರೋ.
ಗಾಜಿನಾಚೆ ಕೊಡವ ತಕ್ಕಿನಲ್ಲಿ ಒಬ್ಬರು ನಗುತ್ತಾರೆ,
ಅರೆಭಾಷೆಯಲ್ಲಿ ಒಬ್ಬರು ಹಸುವಿನ ಕೆಚ್ಚಲುಬಾವಿಗೆ ಮದ್ದು ಹೇಳುತ್ತಾರೆ.
ನನಗೆ ಎರಡೂ ಅರ್ಧರ್ಧ.
ಮೀಟರಿನ ಮುಳ್ಳು ಎರಡಕ್ಕೂ ಒಂದೇ ಥರ ನಡುಗುತ್ತದೆ.

ಮಾರ್ಚಿನ ಒಂದು ಮಧ್ಯಾಹ್ನ, ಪ್ರಸಾರದ ವಿರಾಮ.
ರಿಪೇರಿಗೆ ಹೋದ ಕಾರ್ಡು ತಿರುಗಿ ಬಂದಿತ್ತು.
ಆಂಟೆನಾದ ಕೇಬಲು ಬಿಡಿಸಿ ಡಮ್ಮಿ ಲೋಡಿಗೆ ಸೇರಿಸಿದರು:
ಆಕಾಶದ ಬದಲಿಗೆ ಒಂದು ಬೂದು ಪೆಟ್ಟಿಗೆ.
"ಟ್ರಾನ್ಸ್‌ಮಿಟರಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ, ಪಾಪ.
ಮಾತಾಡು ನೋಡುವ."

ಒಂದು, ಎರಡು, ಮೂರು ಅಂದೆ.
ಇನ್ನೂ, ಅಂದರು.
ಆಗ ಬಾಯಿಗೆ ಬಂದದ್ದು ಮನೆಯ ಮಾತು:
ಉಮ್ಮಮ್ಮಾ, ಇದು ನಾನು, ಜುಮೈಲಾ.
ಮೊನ್ನೆ ಮುನಿಸಿಕೊಂಡು ಉಣ್ಣದೆ ಬಂದೆನಲ್ಲ,
ಒಣಮೀನು ಚೆನ್ನಾಗಿತ್ತು, ವಾಸನೆಗೇ ಗೊತ್ತಾಯಿತು.
ವಿರಾಜಪೇಟೆ ದಾಟಿ ಹೋಗಬಹುದಾದ ದನಿ
ಎರಡು ಗಜ ಹೋಗಿ ಪೆಟ್ಟಿಗೆಯಲ್ಲಿ ಬಿಸಿಯಾಯಿತು.
ಕಿಂಡಿಯ ಮುಂದೆ ಅಂಗೈ ಹಿಡಿದೆ.
ಇಷ್ಟು ಬೆಚ್ಚಗಿದ್ದೇನೆಯೇ ನಾನು!

ಚೀಯಣ್ಣ ಸರ್ ನಕ್ಕರು.
"ಎಫ್‌ಎಮ್ಮು ಇದು. ನೀನು ಮಾತಾಡಿದರೂ ಅಷ್ಟೇ ಬಿಸಿ,
ಸುಮ್ಮನಿದ್ದರೂ ಅಷ್ಟೇ. ಓದಿಲ್ಲವಾ?"
ಓದಿದ್ದೆ. ಹತ್ತಕ್ಕೆ ಎಂಟು ಅಂಕ ಬಂದಿತ್ತು.
ಬಾಯಿ ಮುಚ್ಚಿದೆ, ಕೈ ತೆಗೆಯಲಿಲ್ಲ.
ಬಿಸಿ ಹಾಗೇ ಇತ್ತು,
ಒಂದು ಎಳೆ ಹೆಚ್ಚಿಲ್ಲ, ಕಡಿಮೆಯಿಲ್ಲ.

ಸಂಜೆ ಕೆದಕಲ್ ತಿರುವಿನಲ್ಲಿ ಹೂಮಳೆ ಹಿಡಿಯಿತು.
ಹಿಂದೆ, ಮಡಿಕೇರಿಯ ಮೇಲೆ, ಫಳ್ಳನೆ ಒಂದು.
ಬಸ್ಸಿನ ರೇಡಿಯೋ ಅರೆಗಳಿಗೆ ಗೊರ್ರೆಂದು
ಮತ್ತೆ ಹಾಡಿತು.
ಯಾರೂ ತಲೆ ಎತ್ತಲಿಲ್ಲ.
ನಾನು ಮನಸ್ಸಿನಲ್ಲೇ ಆರೂ ಗುಂಡಿ ಎಣಿಸಿದೆ.

"ಇವತ್ತೂ ಬರಲಿಲ್ಲವಲ್ಲ," ಅಂದಳು ಉಮ್ಮಮ್ಮ.
ಪಕ್ಕ ಕೂತು ಹೇಳಿದೆ:
ಹಾಡು ಮುಗಿದು ಸುದ್ದಿ ಶುರುವಾಗುವ ಮೊದಲು
ಒಂದು ಚೂರು ಏನೂ ಇರುವುದಿಲ್ಲ ನೋಡು,
ಗೊರಗೊರವೂ ಇಲ್ಲದೆ, ಶುದ್ಧ.
ಅಲ್ಲಿರುವುದು ನಾನು.

ನಂಬಿದಳೋ ಇಲ್ಲವೋ.
ಹಾಡು ಮುಗಿಯುತ್ತಾ ಬಂತು.
ಉಮ್ಮಮ್ಮ ಕನ್ನಡಕ ಸರಿಮಾಡಿಕೊಂಡು
ವಾಲ್ಯೂಮು ಹೆಚ್ಚಿಸಿದಳು.